ಕೋಡಿಗೆ ಕಾವಲು

ವಿಪತ್ತು ಬಂದರೆ ನೋಡಿದ ಕೂಡಲೇ ಗುರುತು ಸಿಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಹೊಗೆ, ಕಿರುಚಾಟ, ಓಡಾಟ ಎಲ್ಲ ಇರುತ್ತದೆ, ತಿಳಿದವರು ಯಾರೋ ಮುಂದೆ ಬಂದು ನಿಭಾಯಿಸುತ್ತಾರೆ ಎಂದುಕೊಂಡಿದ್ದೆ. ಆ ತಿಳಿದವರಲ್ಲಿ ನಾನೂ ಒಬ್ಬಳಾಗುತ್ತೇನೆಂದಾಗಲಿ, ನಮ್ಮೂರಿಗೆ ವಿಪತ್ತು ಬಂದ ದಿನ ಜನ ರೇಷ್ಮೆ ಸೀರೆಯುಟ್ಟು ಅರಿಶಿನ ಕುಂಕುಮ ಹಿಡಿದು ಅದನ್ನು ಎದುರುಗೊಳ್ಳುತ್ತಾರೆಂದಾಗಲಿ ಕನಸಿನಲ್ಲೂ ಎಣಿಸಿರಲಿಲ್ಲ.

ನಾನು ಮುಳಬಾಗಿಲು ಕಡೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಪ್ರತಿ ಶಾಲೆಯಿಂದ ಒಬ್ಬರು ಕೋಲಾರಕ್ಕೆ ವಿಪತ್ತು ನಿರ್ವಹಣೆಯ ತರಬೇತಿಗೆ ಬರಬೇಕು ಎಂಬ ಆದೇಶ ಬಂದಾಗ ನಮ್ಮ ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ನೋಡಿ, "ಮೇಡಂ, ನೀವೇ ಹೋಗಿ. ನಿಮ್ಮ ದನಿ ದೊಡ್ಡದು" ಎಂದರು. ಮೂವತ್ತು ವರ್ಷ ಹತ್ತಿರ ಬಂದ ನನ್ನ ಸರ್ವೀಸಿನಲ್ಲಿ ನನ್ನ ಯೋಗ್ಯತೆಯನ್ನು ಯಾರೂ ಇಷ್ಟು ಚುಟುಕಾಗಿ ಅಳೆದಿರಲಿಲ್ಲ.

ತರಬೇತಿ ಚೆನ್ನಾಗಿಯೇ ಇತ್ತು. ಭೂಕಂಪ, ಚಂಡಮಾರುತ, ಪ್ರವಾಹ, ಎಲ್ಲಕ್ಕೂ ಚಿತ್ರಗಳಿದ್ದವು. ಪ್ರವಾಹದಲ್ಲಿ ದೋಣಿ ಬಳಸುವ ಬಗೆ ವಿವರಿಸುವಾಗ ನನ್ನ ಪಕ್ಕದಲ್ಲಿದ್ದ ಮಾಲೂರಿನ ಟೀಚರು, "ನಮ್ಮ ಜಿಲ್ಲೇಲಿ ದೋಣಿ ಎಲ್ಲಿ ಬಿಡೋದ್ರೀ, ಬೋರ್‌ವೆಲ್ಲಲ್ಲಾ?" ಎಂದು ಕಿವಿಯಲ್ಲಿ ಕೇಳಿದರು. ಇಬ್ಬರೂ ನಕ್ಕು ಬೈಸಿಕೊಂಡೆವು. ಕಲಿಸಲು ಬಂದಿದ್ದ ಅಧಿಕಾರಿ ಮಾತ್ರ ಗಂಭೀರ ಮನುಷ್ಯ. ಅಪಾಯ ಎಲ್ಲಿಂದ ಬರಬಹುದೆಂದು ಮೊದಲೇ ಊಹಿಸಬೇಕು, ಸಿದ್ಧರಾಗಿರಬೇಕು, ಬಂದಾಗ ಕೈಕಟ್ಟಿ ಕೂರಬಾರದು, ಹೋದ ಮೇಲೆ ಮತ್ತೆ ಎದ್ದು ನಿಲ್ಲಬೇಕು, ಇಷ್ಟೇ ಇದರ ಮೂಲಪಾಠ ಎಂದರು. ಕೇಳುವಾಗ ಇದರಲ್ಲೇನಿದೆ ಅನ್ನಿಸಿತು. ಸುಲಭವಾಗಿ ಕಂಡ ಪಾಠವನ್ನೇ ಮಕ್ಕಳು ಪರೀಕ್ಷೆಯಲ್ಲಿ ತಪ್ಪು ಬರೆಯುತ್ತಾರೆ ಎಂಬುದು ನನಗೆ ತಿಳಿಯದ ವಿಷಯವೇನಲ್ಲ.

ಕಲಿತದ್ದನ್ನು ಮೊದಲು ಮನೆಯವರ ಮೇಲೆ ಪ್ರಯೋಗಿಸಿದೆ. ಸಿಲಿಂಡರ್ ಜಾಗ ಬದಲಾಯಿತು. ಕಪಾಟಿನ ಮೇಲಿದ್ದ ಹಿತ್ತಾಳೆ ಹಂಡೆ ಕೆಳಗಿಳಿದು, ನಡೆದಾಡುವವರ ಕಾಲಿಗೆಲ್ಲ ಬಡಿಯತೊಡಗಿತು. ನೆಲ ನಡುಗಿದರೆ ಎಲ್ಲರೂ ಹಿತ್ತಲಿನ ಹುಣಸೆಮರದ ಹತ್ತಿರ ಬಂದು ಸೇರಬೇಕೆಂದು ನಮ್ಮತ್ತೆಗೆ ಹೇಳಿದೆ. ಅವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ಬರ್ತೀನಿ ಕಣೇ. ಭೂಕಂಪಕ್ಕೂ ಸ್ವಲ್ಪ ನಿಧಾನಕ್ಕೆ ಬರೋಕೆ ಹೇಳು" ಎಂದರು. ನನ್ನ ಯಜಮಾನರಂತೂ ಈ ಮನೆಯ ಕೂಗಾಟದಲ್ಲಿ ಭೂಕಂಪ ಆದರೂ ಗೊತ್ತಾಗುವುದು ಕಷ್ಟ ಎಂದು ನನ್ನ ಕಡೆ ನೋಡಿ ನಕ್ಕರು.

ಆ ವರ್ಷ ಮಳೆ ಬಂತು. ನಮ್ಮ ಕಡೆ ಬರುವ ಹಾಗೆ ಅಂಗಳ ಒದ್ದೆ ಮಾಡಿ ಹೋಗುವ ಮಳೆಯಲ್ಲ, ರಾತ್ರಿ ಹಗಲೆನ್ನದೆ ಹಿಡಿದ ಮಳೆ. ಜಾಲಿ ಬೆಳೆದು, ಹುಡುಗರು ಕ್ರಿಕೆಟ್ ಆಡುತ್ತಿದ್ದ ನಮ್ಮೂರ ಕೆರೆ ತುಂಬಿತು. ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಕಡೆಗೆ ಕೋಡಿ ಅನ್ನುತ್ತಾರೆ. ನಮ್ಮಲ್ಲಿ ಶ್ರೀನಿವಾಸಪುರದ ರಸ್ತೆ ಆ ಕೋಡಿಯ ಕೆಳಗೇ ತಗ್ಗಿನಲ್ಲಿ ಹಾದುಹೋಗುತ್ತದೆ. ಒಂದು ಬೆಳಿಗ್ಗೆ ಕೆರೆ ಉಕ್ಕಿ ಕೋಡಿ ಬಿದ್ದು ರಸ್ತೆ ಮೇಲೆ ನೀರು ಹರಿಯತೊಡಗಿತು. ಕೂಡಲೇ ಪಂಚಾಯ್ತಿಯಿಂದ ಫೋನು: "ಟ್ರೈನಿಂಗ್ ಆದವರು ನೀವೇ ಅಲ್ವಾ ಮೇಡಂ? ಪೊಲೀಸರು ಬರೋ ತನಕ ಜನಾನ ದೂರ ಇಡಿ."

ಹೊರಡುವ ಮೊದಲು ಅತ್ತೆಗೆ, "ಆ ಕಡೆ ತಲೆ ಹಾಕಬೇಡಿ" ಎಂದು ಹೇಳಿ ಅವರ ಚಪ್ಪಲಿಯನ್ನು ಬೀರುವಿನ ಹಿಂದೆ ಬಚ್ಚಿಟ್ಟೆ. ಕೋಡಿಯ ಹತ್ತಿರ ಹೋಗಿ ನೋಡಿದರೆ ಊರಿಗೆ ಊರೇ ಅಲ್ಲಿದೆ, ಬರಿಗಾಲಿನಲ್ಲಿ ನಮ್ಮತ್ತೆಯೂ ಇದ್ದಾರೆ. ಆಟೋ ಹತ್ತಿ ನನಗಿಂತ ಮೊದಲೇ ಬಂದಿದ್ದರು. ಪಂಪು ಮೋಟಾರು ರಿಪೇರಿ ಮಾಡುವ ಬಾಬಾಜಾನ್ ಅತ್ತೆಗೊಂದು ಕುರ್ಚಿ ಹಾಕಿ ಕೂರಿಸಿದ್ದ.

ನಾನು ಕೂಗಿದೆ. ಶಕ್ತಿ ಇದ್ದಷ್ಟೂ ಕೂಗಿದೆ. ಒಬ್ಬರೂ ಕದಲಲಿಲ್ಲ. ಹೆಂಗಸರು ರೇಷ್ಮೆ ಸೀರೆಯುಟ್ಟು ನೀರಿನ ಅಂಚಿಗೇ ಹೋಗಿ ಅರಿಶಿನ ಕುಂಕುಮ, ಹೂವು ಬಿಡುತ್ತಿದ್ದರು. ಗಂಡಸರು ಮೊಣಕಾಲು ನೀರಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬಾಬಾಜಾನ್, "ಅರೆ ಮೇಡಂ, ಸಾವಿರ ಅಡಿ ಕೊರೆದ್ರೂ ಸಿಗದಿದ್ದ ನೀರು ತಾನೇ ಎದ್ದು ಬಂದಿದೆ. ನೋಡ್ಬೇಡಿ ಅಂದ್ರೆ ಯಾರು ಕೇಳ್ತಾರೆ?" ಎಂದ. ಬಾಯಾರಿದವರಿಗೆ ನೀರನ್ನು ತೋರಿಸಿ ಹೆದರಿಕೊಳ್ಳಿ ಎಂದು ಹೇಗೆ ಹೇಳುವುದು? ತರಬೇತಿಯ ಚಿತ್ರಗಳಲ್ಲಿದ್ದ ಜನರೆಲ್ಲ ನೀರಿನಿಂದ ದೂರ ಓಡುತ್ತಿದ್ದರು. ಇಲ್ಲಿಯವರು ಅದರ ಹತ್ತಿರಕ್ಕೆ ಓಡುತ್ತಿದ್ದರು.

ಕೊನೆಗೆ, "ಹೋಗಿ" ಅಂದರೆ ಹೋಗದವರು "ಬನ್ನಿ" ಅಂದರೆ ಬರಬಹುದೇನೋ ಅನ್ನಿಸಿತು. "ಬಾಬಾಜಾನ್, ಮೋಟಾರು ಎತ್ತೋ ಹಗ್ಗ ತಗೊಂಡು ಬಾಪ್ಪ" ಎಂದೆ. ತಂದ. ನೀರಿನಲ್ಲಿ ನಿಂತು ಹೆಚ್ಚು ಹಾರಾಡುತ್ತಿದ್ದ ನಾಲ್ಕಾರು ಗಂಡಸರನ್ನೇ ಕರೆದು, ಹಗ್ಗವನ್ನು ಈ ಮರದಿಂದ ಆ ಮರಕ್ಕೆ ಕಟ್ಟಿ, ಯಾರೂ ದಾಟದಂತೆ ನೋಡಿಕೊಳ್ಳಿ ಎಂದೆ. ಅವರ ಗತ್ತೇ ಬದಲಾಯಿತು. "ಏನ್ಲಾ, ಕಣ್ಣು ಕಾಣಲ್ವಾ? ಹಿಂದಕ್ಕೆ ಹೋಗ್ಲಾ!" ಎಂದು ಗದರುತ್ತ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಎಲ್ಲರನ್ನೂ ಹಿಂದೆ ಸರಿಸಿದರು. ಹೂವು ಬಿಡುವವರಿಗೂ ಮೇಲೆ ಕೆರೆಕಟ್ಟೆಯ ಹತ್ತಿರ ಭದ್ರವಾದ ಜಾಗ ಮಾಡಿಕೊಟ್ಟೆವು. ಉಳಿದ ಹಗ್ಗದ ತುದಿಗೆ ಒಂದು ಖಾಲಿ ಕ್ಯಾನು ಕಟ್ಟಿಸಿ ಇಟ್ಟೆ. ನೀರಿಗೆ ಬಿದ್ದವರಿಗೆ ಎಸೆಯಲು ತರಬೇತಿಯಲ್ಲಿ ಹಾಗೆ ತೋರಿಸಿದ್ದರು. ನನಗೆ ನನ್ನ ಮೇಲೇ ಬಹಳ ಮೆಚ್ಚುಗೆಯಾಯಿತು.

ಆಗಲೇ ಆಚೆ ದಡದಲ್ಲಿ ಒಂದು ಸ್ಕೂಟರು ಕಾಣಿಸಿತು. ಹೆಲ್ಮೆಟ್ಟಿನವರು ಒಂದು ಗಳಿಗೆ ನಿಂತು, ನೀರಿಗೆ ಇಳಿದೇಬಿಟ್ಟರು. "ನಿಲ್ಲೀ! ಬರಬೇಡೀ!" ಎಂದು ಕೂಗಿದೆ. ಕೈಯೆತ್ತಿ ಆಯಿತು ಎನ್ನುವಂತೆ ಆಡಿಸಿದರು. ಆ ಕೈ ಆಡಿಸುವ ರೀತಿ ನೋಡಿದ ಮೇಲೆ ಅದು ಯಾರೆಂದು ತಿಳಿಯಿತು. ಶ್ರೀನಿವಾಸಪುರದಲ್ಲಿ ಅಮ್ಮನ ಮಂಡಿನೋವಿನ ಔಷಧಿ ತರುತ್ತೇನೆಂದು ಬೆಳಿಗ್ಗೆಯೇ ಹೋಗಿದ್ದ ನನ್ನ ಯಜಮಾನರು.

ನಡುರಸ್ತೆಯಲ್ಲಿ ಸ್ಕೂಟರು ಅಡ್ಡಕ್ಕೆ ವಾಲಿತು, ನೀರು ಅದನ್ನು ಎಳೆದುಕೊಂಡು ಹೋಯಿತು. ಅವರು ರಸ್ತೆಯಂಚಿನ ಗಡಿಕಲ್ಲೊಂದನ್ನು ತಬ್ಬಿ ನಿಂತರು. ಮತ್ತೆ ಕೂಗಲು ಬಾಯಿ ತೆರೆದೆ. ಇಡೀ ಶಾಲೆಗೆ ಕೇಳುವ ದನಿ ಹೊರಡಲೇ ಇಲ್ಲ. ಬಾಬಾಜಾನ್ ಅಂಗಿ ಬಿಚ್ಚಿ ಹಾರಲು ಹೊರಟಿದ್ದ. ಅವನ ತೋಳು ಹಿಡಿದು ಎಳೆದು, ಕ್ಯಾನು ಕಟ್ಟಿದ ಹಗ್ಗ ತೋರಿಸಿದೆ. ಅರ್ಥಮಾಡಿಕೊಂಡು ಎಸೆದ. ಮೊದಲ ಸಲ ದೂರ ಬಿತ್ತು. ಎರಡನೆಯ ಸಲ ಹತ್ತಿರ ಬಂತು. ಆದರೆ ನಮ್ಮವರ ಒಂದು ಕೈಯಲ್ಲಿ ಕಲ್ಲು, ಇನ್ನೊಂದರಲ್ಲಿ ಔಷಧಿಯ ಚೀಲ. ಹಿಂದಿನಿಂದ ಅತ್ತೆ ಎದ್ದು ನಿಂತು, "ಚೀಲ ಬಿಡೋ! ನನ್ನ ಮಂಡಿ ಮನೆ ಹಾಳಾಗ್ಲಿ, ಹಗ್ಗ ಹಿಡ್ಕೊಳೋ ನನ್ನಪ್ಪಾ!" ಎಂದು ಚೀರಿದರು. ಚೀಲ ತೇಲಿಹೋಯಿತು. ನೀರಿನಲ್ಲಿ ಹಾರಾಡುತ್ತಿದ್ದ ಆ ಗಂಡಸರೇ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೆಜ್ಜೆ ಹೆಜ್ಜೆಗೂ ಎಳೆದು ಅವರನ್ನು ದಡಕ್ಕೆ ತಂದರು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ, "ಅಷ್ಟು ಕೂಗಿದೆನಲ್ಲ, ಕೇಳಲಿಲ್ವೇನ್ರೀ?" ಎಂದೆ.

"ಕೇಳಿಸ್ತು," ಅಂದರು, ಹಲ್ಲು ಕಟಕಟ ಅನ್ನುತ್ತಿತ್ತು. "ಹಂಡೆ ಎಡವಿದ್ರೂ ಅಷ್ಟೇ ಕೂಗ್ತೀಯ, ಸಿಲಿಂಡರ್ ಆಫ್ ಮಾಡ್ದಿದ್ರೂ ಅಷ್ಟೇ ಕೂಗ್ತೀಯ. ಇವತ್ತಿಂದು ಬೇರೆ ಕೂಗು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಅತ್ತೆ ಸೆರಗಿನಿಂದ ಮಗನ ತಲೆ ಒರೆಸುತ್ತ, "ಮನೇಲಿ ಕೂತಿದ್ದ ನನ್ನ ಚಪ್ಪಲಿ ಬಚ್ಚಿಟ್ಟೆ. ದಾರೀಲಿದ್ದವನಿಗೆ ಒಂದು ಫೋನು ಮಾಡಬಾರದಿತ್ತೇನೇ?" ಎಂದರು. ಗದರಿಕೆ ಇರಲಿಲ್ಲ ದನಿಯಲ್ಲಿ, ಅದಕ್ಕೇ ಇನ್ನೂ ಚುಚ್ಚಿತು. ಅಪಾಯ ಎಲ್ಲಿಂದ ಬರಬಹುದೆಂದು ನಾನು ಊಹಿಸಿದ್ದು ಈ ದಡದವರೆಗೆ ಮಾತ್ರ. ಆ ದಡದಿಂದಲೂ ಜನ ಮನೆಗೆ ಬರುತ್ತಾರೆಂಬುದು ಹೊಳೆದೇ ಇರಲಿಲ್ಲ.

ಈಗ ಮನೆಯಲ್ಲಿ ಸಣ್ಣಪುಟ್ಟದಕ್ಕೆ ಮೆಲ್ಲಗೆ ಮಾತಾಡುತ್ತೇನೆ, ದೊಡ್ಡ ಕೂಗನ್ನು ದೊಡ್ಡದಕ್ಕೆಂದು ಉಳಿಸಿಟ್ಟಿದ್ದೇನೆ. ಇದರಿಂದ ಯಜಮಾನರಿಗೆ ಗಾಬರಿ ಹೆಚ್ಚಾಗಿದೆ. ನಾನು ಸುಮ್ಮನಿದ್ದಷ್ಟೂ ಏನೋ ಆಗಿದೆ ಎಂದು ಎದ್ದು ಬಂದು ನೋಡುತ್ತಾರೆ.

ಮೊನ್ನೆ ಮತ್ತೆ ಕೆರೆಗೆ ನೀರು ಬರುತ್ತಿದೆ ಎಂದು ಸುದ್ದಿಯಾಯಿತು. ಹೆಡ್‌ಮಾಸ್ಟರು ಪಾಪ, "ಆವತ್ತು ನಿಮಗೆ ಬಹಳ ಕಷ್ಟ ಆಯ್ತು ಮೇಡಂ, ಈ ಸಲ ಬೇರೆಯವರನ್ನ ಕಾವಲಿಗೆ ಕಳಿಸೋಣ" ಎಂದರು. ಬೇಡ ಸಾರ್, ಅನುಭವ ಇದ್ದವರೇ ಇರಬೇಕು, ಇದು ಜೀವದ ಪ್ರಶ್ನೆ ಎಂದು ಗಟ್ಟಿಯಾಗಿ ವಾದಿಸಿ ಆ ಕೆಲಸವನ್ನು ನನಗೇ ಉಳಿಸಿಕೊಂಡೆ. ವಾದದಲ್ಲಿ ಸುಳ್ಳೇನಿಲ್ಲ. ಆದರೆ ಹಗ್ಗ ಕಟ್ಟಿದ ಮೇಲೆ ಊರಿನವರೆಲ್ಲ ಅದರ ಹಿಂದೆ ನಿಲ್ಲಬೇಕು. ಕೋಡಿ ಬೀಳುವುದನ್ನು ಹತ್ತಿರದಿಂದ ನೋಡಬಹುದಾದವರು ಕಾವಲಿನವರು ಮಾತ್ರ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ.