ಹವಳಕ್ಕೆ ಉಪ್ಪು ಹಾಕಿದ ಮೇಷ್ಟರು

ಬುಧವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ನನ್ನ ವಿದ್ಯೆ ಬಿಳಿಚಿಕೊಳ್ಳತೊಡಗಿತು. ಗಡಿಯಾರಕ್ಕೆ ಕೀಲಿ ಕೊಡುತ್ತಾ ಗಾಜಿನ ತೊಟ್ಟಿಯತ್ತ ಕಣ್ಣು ಹಾಯಿಸಿದ್ದರಿಂದ ಗಂಟೆ ಅಷ್ಟು ಖಚಿತವಾಗಿ ನೆನಪಿದೆ. ಹಿಂದಿನ ದಿನದವರೆಗೂ ಮಾವಿನ ಚಿಗುರಿನ ಬಣ್ಣಕ್ಕಿದ್ದ ಹವಳ, ಒಗೆದೊಗೆದು ಸವೆದ ಪಂಚೆಯಂತಾಗಿತ್ತು. ಓದಿದವನ ಕೈಗೆ ಜೀವವಿರುವ ವಸ್ತು ಸಿಗಬಾರದು. ಓದದವನಾದರೆ ಏನು ಮಾಡಲೂ ತೋಚದೆ ಸುಮ್ಮನಿರುತ್ತಾನೆ. ಓದಿದವನಿಗೆ ಏನಾದರೊಂದು ತೋಚಿಬಿಡುತ್ತದೆ.

ಆಗ ನಾನು ಮಧುಗಿರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕ. ಎಂಬತ್ತರ ದಶಕದ ಮೊದಲ ವರ್ಷಗಳು. ಅಧ್ಯಯನ ಪ್ರವಾಸವೆಂದು ವಿದ್ಯಾರ್ಥಿಗಳನ್ನು ರಾಮೇಶ್ವರದ ಕಡೆಯ ಸಮುದ್ರ ತೀರಕ್ಕೆ ಕರೆದೊಯ್ದಿದ್ದೆ. ಆರು ಹುಡುಗಿಯರನ್ನು ಮಾತ್ರ ಮನೆಯವರು ಕಳಿಸಿರಲಿಲ್ಲ. ಅವರಲ್ಲಿ ಮೆಹರುನ್ನೀಸಾ ಶಿರಾದಿಂದ ದಿನವೂ ಬಸ್ಸಿನಲ್ಲಿ ಬರುವವಳು. ಹೊರಡುವ ಮುನ್ನ ಆಕೆ ಕೇಳಿದಳು: "ಸಾರ್, ಹವಳ ಒಂದು ಪ್ರಾಣಿ ಅಂತ ಪಾಠ ಮಾಡಿದ್ರಿ. ಫಾರ್ಮಲಿನ್ ಸೀಸೆಯಲ್ಲಿ ನೋಡಿದ್ರೆ ಉಪ್ಪಿನಕಾಯಿ ಥರ ಕಾಣುತ್ತೆ. ಜೀವ ಇರೋದು ಹೆಂಗಿರುತ್ತೆ ಸಾರ್?" ತಂದು ತೋರಿಸುತ್ತೇನೆ ಎಂದು ಮಾತು ಕೊಟ್ಟೆ. ಮಾತು ಕೊಡುವಾಗ ನಾನು ಸಾಮಾನ್ಯವಾಗಿ ಭೂಗೋಳ ಮರೆಯುತ್ತೇನೆ. ಮೀನುಗಾರನೊಬ್ಬ ಬಲೆಗೆ ಸಿಕ್ಕಿದ ಕಲ್ಲೊಂದನ್ನು ಕೊಟ್ಟ. ಅದರ ಮೇಲೆ ಅಣಬೆಯ ಹಾಗೆ ಮೆತ್ತಗೆ ಬೆಳೆದಿದ್ದ ಮೆದು ಹವಳ. ಮೈತುಂಬ ಹೂವಿನಂಥ ಪುಟ್ಟ ಬಾಯಿಗಳು. ಅದನ್ನೂ ಎರಡು ಕ್ಯಾನು ಸಮುದ್ರದ ನೀರನ್ನೂ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದೆ. ನಮ್ಮ ಪ್ರಯೋಗಾಲಯಕ್ಕೆ ಹೋದ ಪ್ರಾಣಿ ಯಾವುದೂ ಜೀವಂತ ಹಿಂದಿರುಗಿದ್ದಿಲ್ಲವಾದ್ದರಿಂದ ಬಾಡಿಗೆ ಮನೆಯ ನಡುಮನೆಯಲ್ಲೇ ತೊಟ್ಟಿ ಇಟ್ಟೆ. ಪರೀಕ್ಷೆಯ ರಜೆ ಶುರುವಾಗುವ ಮೊದಲು, ಒಂದು ಭಾನುವಾರ, ಹುಡುಗಿಯರು ಬಂದು ನೋಡುವುದೆಂದು ತೀರ್ಮಾನವಾಯಿತು.

ಆ ಬುಧವಾರದಿಂದ ನನ್ನ ಚಿಕಿತ್ಸೆ ಆರಂಭವಾಯಿತು. ನಮ್ಮೂರಿನ ಬಿಸಿಲಿಗೆ ತೊಟ್ಟಿಯ ನೀರು ದಿನಕ್ಕೆ ಅರ್ಧ ಬೆರಳು ಇಳಿಯುತ್ತಿತ್ತು. ಸಮುದ್ರದ ನೀರು ಕಡಿಮೆಯಾದರೆ ಸಮುದ್ರದ ನೀರನ್ನೇ ತುಂಬಬೇಕಲ್ಲವೆ? ಎರಡನೇ ಕ್ಯಾನಿನಿಂದ ತುಂಬಿದೆ. ಅದು ಮುಗಿದ ಮೇಲೆ ಕಲ್ಲುಪ್ಪು ಕದಡಿ ತುಂಬಿದೆ. ಹವಳ ಇನ್ನಷ್ಟು ಬಿಳಿಚಿ, ಮುದುಡಿ, ಬಾಯಿಗಳನ್ನೆಲ್ಲ ಮುಚ್ಚಿಕೊಂಡಿತು. ಉಪ್ಪು ಸಾಲದೇನೋ ಎಂದು ಇನ್ನೊಂದು ಹಿಡಿ ಹಾಕಿದೆ. ಬೆಳಕು ಸಾಲದೇನೋ ಎಂದು ಸೂರಿನ ಬಲ್ಬನ್ನು ವೈರಿನ ಸಮೇತ ಇಳಿಸಿ, ನೀರಿನಿಂದ ಒಂದು ಗೇಣು ಮೇಲಕ್ಕೆ ದಾರದಲ್ಲಿ ಕಟ್ಟಿದೆ. ಬಿಳಿಚಿದ ಸುದ್ದಿ ಕೇಳಿದ್ದ ಮೆಹರುನ್ನೀಸಾ ದಿನವೂ ತರಗತಿ ಮುಗಿದ ಮೇಲೆ ನಿಂತು, "ಬಣ್ಣ ಬಂತಾ ಸಾರ್?" ಎನ್ನುವಳು. "ಬರ್ತಾ ಇದೆ" ಎನ್ನುತ್ತಿದ್ದೆ. ಬರುತ್ತಿದ್ದುದು ನನ್ನ ತಲೆಗೂದಲಿಗೆ, ಅದೂ ಬಿಳಿ.

ಮನೆಯ ಒಡತಿ ರಂಗಮ್ಮ ಕುರಿ ಸಾಕಿ ಮನೆ ಕಟ್ಟಿಸಿದ ಹೆಂಗಸು. ಒಂದು ಮಧ್ಯಾಹ್ನ ಮಜ್ಜಿಗೆ ಕೊಡಲು ಬಂದವರು ತೊಟ್ಟಿಯ ಮುಂದೆ ನಿಂತರು. "ಅಲ್ಲ ಮೇಷ್ಟ್ರೇ, ನಿಮ್ ಹೂವು ಯಾಕಿಂಗೆ ಬಾಣಂತಿ ಮಕ ಆದಂಗೆ ಆಗೈತೆ? ಉಪ್ಪು ಹದವಾಗೈತಾ ನೋಡಾನ ತಡೀರಿ," ಎಂದು, ಸಾರಿನ ಪಾತ್ರೆಗೆ ಚಾಚುವಂತೆ ಬೆರಳು ಚಾಚಿದರು. ಅದೇ ಕ್ಷಣ ನೀರಿನ ಹಬೆಗೆ ನೆಂದು ನೆಂದು ಸಡಿಲಗೊಂಡಿದ್ದ ದಾರ ಜಾರಿತು. ಬಲ್ಬು ಹೋಲ್ಡರಿನ ಸಮೇತ ನೀರಿಗೆ ಬಿತ್ತು. ಢಬ್ ಎಂದಿತು. ರಂಗಮ್ಮನ ಬೆರಳು ನೀರಿನಲ್ಲಿತ್ತು.

ಇವತ್ತಿಗೂ ಆ ಗಳಿಗೆ ನನ್ನೊಳಗೆ ಮತ್ತೆ ಮತ್ತೆ ನಡೆಯುತ್ತದೆ. ಪ್ರತಿ ಸಲವೂ ನಾನು ಹಾರಿ ಸ್ವಿಚ್ ಆರಿಸುತ್ತೇನೆ. ಆದರೆ ಅಂದು ನಾನು ಮಾಡಿದ್ದು ಬಾಯಿ ತೆರೆದುಕೊಂಡು ನಿಂತದ್ದು. ಅಡುಗೆಮನೆಯಿಂದ ಓಡಿಬಂದು ಸ್ವಿಚ್ ಆರಿಸಿದವಳು ನನ್ನ ಹೆಂಡತಿ ಶಾರದೆ. ಕಾಲ ಕೆಳಗೆ ಒಣ ಗೋಣಿಚೀಲವಿದ್ದದ್ದಕ್ಕೋ ಏನೋ, ರಂಗಮ್ಮ ಎರಡು ಮಾರು ಹಿಂದಕ್ಕೆ ಬಿದ್ದು ಬದುಕಿದರು. ಗೋಡೆಗೆ ಒರಗಿಸಿ ನೀರು ಕುಡಿಸಿದೆವು. ಆಕೆ ಸ್ವಲ್ಪ ಹೊತ್ತು ತಮ್ಮ ಬೆರಳನ್ನೇ ನೋಡಿದರು. ಆಮೇಲೆ, ಬಂದ ಕೆಲಸ ಮುಗಿಸುವವರಂತೆ, ಅದನ್ನು ನೆಕ್ಕಿದರು.

"ಥೂ! ಉಪ್ಪಂದ್ರೆ ಉಪ್ಪು! ಎಷ್ಟು ಸುರ್ದಿದ್ದೀಯಲಾ?" ರಂಗಮ್ಮನ ಗಾಬರಿಯಲ್ಲಿ ಮೇಷ್ಟರಾದ ನಾನು ಬಹುವಚನ ಕಳೆದುಕೊಂಡಿದ್ದೆ.

"ಸಮುದ್ರದ್ದಲ್ವಾ ಅಮ್ಮ... ನೀರು ಆರಿದಷ್ಟೂ ಉಪ್ಪುನೀರು ತುಂಬ್ತಾ ಬಂದೆ."

"ಆರೋದು ನೀರು ಕಣಪ್ಪ, ಉಪ್ಪೆಲ್ಲಿಗೆ ಹೋತದೆ? ಸಾರು ಬತ್ತಿದ್ರೆ ನಿನ್ ಹೆಂಡ್ರು ನೀರು ಹುಯ್ತಾಳೋ, ಉಪ್ಪು ಸುರೀತಾಳೋ? ಶಾರ್ದಮ್ಮ, ನಿನ್ ಗಂಡನ್ನ ಒಲೆ ತಾವ್ಕೆ ಬುಡಬ್ಯಾಡ ಕಣಮ್ಮ!"

ಅಂದು ಬೆಳಿಗ್ಗೆಯೇ ನಾನು ತರಗತಿಯಲ್ಲಿ, ಉಪ್ಪು ಹೆಚ್ಚಾದ ನೀರಿನಲ್ಲಿ ಜೀವಕೋಶ ಹೇಗೆ ಸೊರಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಬಂದಿದ್ದೆ. ಚಿತ್ರ ಚೆನ್ನಾಗಿತ್ತು ಎಂದು ವಿದ್ಯಾರ್ಥಿಗಳೂ ಒಪ್ಪಿದ್ದರು.

ಬಲ್ಬಿನ ಚೂರುಗಳನ್ನು ಆರಿಸಿ, ವೈರು ಕಿತ್ತೆಸೆದು, ತೊಟ್ಟಿಯನ್ನು ಪೂರ್ವದ ಕಿಟಕಿಯ ಬಳಿಗೆ ಸರಿಸಿದೆವು. ಒಂದಷ್ಟು ಉಪ್ಪುನೀರು ತೆಗೆದು, ದಿನಕ್ಕೊಂದು ಲೋಟದಂತೆ ಶೇಖರಿಸಿಟ್ಟ ಮಳೆನೀರು ಹಾಕಿದೆ. ನೀರಿಗೆ ಗಾಳಿ ಊದುವ ಪುಟ್ಟ ಪಂಪು ಮಾತ್ರ ಕರೆಂಟಿನಲ್ಲಿ ನಡೆಯುತ್ತಿತ್ತು. ಅದರ ಗೊರಗೊರ ಕೇಳಿದಾಗಲೆಲ್ಲ ನನಗೆ ನೀರಿಗೆ ಬಿದ್ದ ಬಲ್ಬು ನೆನಪಾಗುತ್ತಿತ್ತು. ರಾತ್ರಿ ನಾಲ್ಕು ಸಲವಾದರೂ ಎದ್ದು ಪ್ಲಗ್ಗನ್ನು ಮುಟ್ಟದೆ, ದೂರದಿಂದಲೇ ನೋಡಿ ಬರುತ್ತಿದ್ದೆ. ಶಾರದೆ ನನ್ನನ್ನು ನೋಡಲು ಎದ್ದಿರುತ್ತಿದ್ದಳು. ವಾರಗಟ್ಟಲೆ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಹವಳದಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಬಾಯಿ ತೆರೆಯಿತು.

ಗೊತ್ತುಮಾಡಿದ್ದ ಭಾನುವಾರ ಆರೂ ಹುಡುಗಿಯರು ಬಂದರು. ಹವಳಕ್ಕೆ ಅರ್ಧ ಬಣ್ಣ ಬಂದಿತ್ತು. ಒಂದು ಮಗ್ಗುಲು ಇನ್ನೂ ಸುಣ್ಣದಂತಿತ್ತು. ಮೆಹರುನ್ನೀಸಾ ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದಳು. "ಉಸಿರಾಡ್ತಾ ಇದೆ ಸಾರ್," ಎಂದಳು. ಆಮೇಲೆ, "ಈ ಕಡೆ ಯಾಕೆ ಬೆಳ್ಳಗಿದೆ?"

ಸಮುದ್ರ ಬಿಟ್ಟು ಬಂದದ್ದಕ್ಕೆ ಎನ್ನಬಹುದಿತ್ತು. ಬಾಗಿಲ ಬಳಿ ರಂಗಮ್ಮ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ನನ್ನ ಕಡೆ ನೋಡಲಿಲ್ಲ, ಅದೇ ಕಷ್ಟವಾಯಿತು. ಉಪ್ಪು, ದಾರ, ಬಲ್ಬು, ನಾನು ನಿಂತೇ ಇದ್ದದ್ದು, ರಂಗಮ್ಮನ ಸಾರಿನ ಪಾಠ, ಎಲ್ಲವನ್ನೂ ಹೇಳಿಬಿಟ್ಟೆ. ಆರೂ ಜನ ರೆಕಾರ್ಡ್ ಪುಸ್ತಕದಲ್ಲಿ ದುಂಡಗೆ ಬರೆದುಕೊಂಡರು. ಕಾರಣ ಎಂಬ ಕಡೆ ಮೆಹರುನ್ನೀಸಾ 'ಅಧ್ಯಾಪಕರು' ಎಂದು ಬರೆದಿದ್ದಳು. ನಾನೇ ಅದಕ್ಕೆ ಸರಿ ಗುರುತು ಹಾಕಬೇಕಾಯಿತು.

ಅಂದು ರಾತ್ರಿ ನಾನೂ ಶಾರದೆಯೂ ಮೊದಲ ಬಾರಿಗೆ ಬೆಳಗಿನವರೆಗೆ ಎಚ್ಚರವಾಗದೆ ಮಲಗಿದೆವು. ತಪ್ಪೊಪ್ಪಿಕೊಂಡವನ ನಿದ್ದೆ ಇದು ಎಂದು ಎದ್ದ ತಕ್ಷಣ ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ. "ಅಲ್ಲ ಕಣ್ರೀ," ಎಂದಳು, "ರಾತ್ರಿಯೆಲ್ಲ ಊರಿಗೇ ಕರೆಂಟಿರಲಿಲ್ಲವಂತೆ. ಪಂಪು ಸದ್ದು ಮಾಡಿದ್ರೆ ತಾನೆ ಎಚ್ಚರವಾಗೋದು?" ರಾತ್ರಿಯೆಲ್ಲ ಗಾಳಿಯಿಲ್ಲದೆ ಏನಾಗಿದೆಯೋ ಎಂದು ತೊಟ್ಟಿಯ ಬಳಿ ಓಡಿದೆ. ಎಳೆಬಿಸಿಲಿನಲ್ಲಿ ಹವಳ ಎಂದಿಗಿಂತ ಹೆಚ್ಚು ಬಾಯಿಗಳನ್ನು ತೆರೆದುಕೊಂಡು ನಿಂತಿತ್ತು. ನಾನು ಒಮ್ಮೆಯೂ ಎದ್ದು ನೋಡದೆ ಬಿಟ್ಟ ಮೊದಲ ರಾತ್ರಿ ಅದು.