ಗೀಸರಿನ ಸರ್ವಿಸ್ಸೂ ಬಚ್ಚಲಿನ ಬಾಗಿಲೂ

"ಉರಿಯುತ್ತಾ ಉಂಟಲ್ಲ, ಮತ್ತೆಂತ ಸರ್ವಿಸ್?" ಎಂದು ಕೇಳುವ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ನಾಲ್ಕು ಮಾತು ಹೇಳುವ ಅಧಿಕಾರ ನನಗೆ ಸಿಕ್ಕರೆ, ಆ ಸಾಲಿನ ಮೊದಲ ಜಾಗ ನಮ್ಮವರಿಗೇ ಮೀಸಲು. ಹೆಸರು ಹಯಗ್ರೀವ. ಮಣಿಪಾಲದಲ್ಲಿ ಬ್ಯಾಂಕ್ ಆಫೀಸರು. ಬ್ಯಾಂಕಿನ ಫ್ಯಾನು ಕಿರ್ರೆಂದರೆ ಹೆಡ್ಡಾಫೀಸಿಗೆ ಫೋನು ಹೋಗುತ್ತದೆ. ಮನೆಯಲ್ಲಿ ಏನು ಹಾಳಾದರೂ ಅದು ರಮಾಮಣಿಯ ಭ್ರಮೆ. (ರಮಾಮಣಿ ಎಂದರೆ ನಾನು.)

ನಮ್ಮ ಉಡುಪಿಯ ಮನೆಗೆ ಗ್ಯಾಸ್ ಗೀಸರ್ ಬಂದದ್ದು ನನ್ನ ಅಣ್ಣ ತಾರಾನಾಥನ ಕೃಪೆಯಿಂದ, ಬೊಂಬಾಯಿಯಿಂದ. ನಮ್ಮ ಓಣಿಗೇ ಅದು ಮೊದಲನೆಯದು. ನಲ್ಲಿ ತಿರುಗಿಸಿದರೆ ಬಿಸಿನೀರು! ಹಂಡೆಯ ಒಲೆಗೆ ತೆಂಗಿನ ಮಡಲು ತುರುಕಿ, ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದ ನನಗೆ ಸಾಕ್ಷಾತ್ ಭಾಗೀರಥಿಯೇ ಬಚ್ಚಲಿನ ಗೋಡೆಯಿಂದ ಇಳಿದು ಬಂದ ಹಾಗಾಯಿತು. ಹಳೆಯ ಹಂಡೆಯನ್ನು ಇವರು ಆ ವಾರವೇ ಪಾತ್ರೆಯಂಗಡಿಗೆ ಸಾಗಿಸಿದರು.

"ವರ್ಷಕ್ಕೊಮ್ಮೆ ಬಿಚ್ಚಿ ಕ್ಲೀನ್ ಮಾಡಿಸಿ. ರಬ್ಬರ್ ಟ್ಯೂಬು ಬದಲಿಸಿ. ಬಚ್ಚಲಿನ ಕಿಟಿಕಿ ತೆರೆದಿರಲಿ" ಎಂದು ಅಣ್ಣ ಹೇಳಿಹೋಗಿದ್ದ. ವರ್ಷ ಕಳೆಯಿತು. ಮತ್ತೊಂದೂ ಕಳೆಯಿತು. ಗಾಳಿ ಬೀಸಿ ನೆಗಡಿಯಾಗುತ್ತದೆಂದು ಇವರು ಕಿಟಿಕಿಗೆ ರಟ್ಟು ಹೊಡೆದರು. ನೀಲಿ ಬೆಂಕಿ ಹಳದಿಗೆ ತಿರುಗಿತು, ಗೋಡೆಗೆ ಮಸಿ ಹಿಡಿಯಿತು. ಸ್ನಾನ ಮುಗಿಸಿ ಬಂದರೆ ನನಗೆ ಮನೆಯೇ ಸುತ್ತಿದ ಹಾಗೆ.

"ನಿಮಗೆ ತಲೆ ತಿರುಗುವುದಿಲ್ಲವಾ?"

"ಇಲ್ಲ." (ತಿರುಗಿದರೂ ಗೊತ್ತಾಗುವ ತಲೆಯಲ್ಲ ಅದು.)

"ಮೆಕ್ಯಾನಿಕ್ಕನ್ನು ಕರೆಸಿ ಅಂತ ಎಷ್ಟು ಸಲ ಹೇಳುವುದು?"

"ಅವನು ಬಂದರೆ ಸರಿ ಇದ್ದದ್ದನ್ನೂ ಹಾಳು ಮಾಡುತ್ತಾನೆ ಮಾರಾಯ್ತಿ. ನಿನಗೆ ಪಿತ್ತ. ಶುಂಠಿ ಕಷಾಯ ಕುಡಿ."

ಪಿತ್ತವಂತೆ! ನೆತ್ತಿಗೇರಿತು, ನಿಜವಾದ ಪಿತ್ತ. "ಅದು ಸರಿಯಾಗುವವರೆಗೆ ನಾನು ಈ ಬಚ್ಚಲಿಗೆ ಕಾಲಿಡುವುದಿಲ್ಲ!" ಎಂದು ಪ್ರತಿಜ್ಞೆ ಮಾಡಿದೆ.

"ಒಳ್ಳೆಯದು. ಸಿಲಿಂಡರ್ ಇನ್ನೂ ನಾಲ್ಕು ದಿನ ಹೆಚ್ಚು ಬರುತ್ತದೆ" ಎಂದರು.

ಮಾರನೆಯ ಬೆಳಿಗ್ಗೆ ಹೆಗಲಿಗೆ ಟವೆಲ್ಲು, ಕಂಕುಳಲ್ಲಿ ಸೀರೆ ಇಟ್ಟುಕೊಂಡು ಪಕ್ಕದ ಮನೆಯ ಎಸ್ತರ್ ಟೀಚರ ಬಚ್ಚಲಿಗೆ ಹೊರಟೆ. ಟೀಚರು ಎಂತ ಏನು ಎಂದು ಕೇಳದೆ ಹಂಡೆಗೆ ಬೆಂಕಿ ಹಾಕಿದರು. ದಿನಾ ಹೋದೆ. ಓಣಿಯವರು ನೋಡಿದರು. ನೋಡಿದವರು ಸುಮ್ಮನಿರುತ್ತಾರಾ? ನನ್ನ ಟವೆಲ್ಲು ಓಣಿ ದಾಟುವಾಗ ಕೈಚೀಲವಾಯಿತು, ಬಸ್ ಸ್ಟ್ಯಾಂಡಿಗೆ ಮುಟ್ಟುವಾಗ ಟ್ರಂಕಾಯಿತು. ಕಾರ್ಕಳದಲ್ಲಿ ಭಾವನವರ ಮನೆಯಲ್ಲಿದ್ದ ಅತ್ತೆಯ ಕಿವಿ ಸೇರುವಾಗ, ರಮಾಮಣಿ ಟ್ರಂಕು ಸಮೇತ ಗಂಡನ ಮನೆ ಬಿಟ್ಟಿದ್ದಳು.

ಅತ್ತೆ ಸಿಕ್ಕಿದ ಬಸ್ಸು ಹಿಡಿದು ಬಂದರು. ನಾನು ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದದ್ದು ಕಂಡು ಅವರಿಗೆ ಸಮಾಧಾನವೂ ಆಯಿತು, ಸ್ವಲ್ಪ ನಿರಾಶೆಯೂ ಆಯಿತು. ವಿಷಯ ಪೂರ್ತಿ ಕೇಳಿ ಮಗನನ್ನು ಕರೆದರು.

"ಹಯಗ್ರೀವಾ, ನಿನ್ನ ಸ್ಕೂಟರನ್ನು ಸರ್ವಿಸಿಗೆ ಬಿಡುವುದಿಲ್ಲವಾ ನೀನು?"

"ಬಿಡುತ್ತೇನಮ್ಮ."

"ಹಾಗಾದರೆ ಹೆಂಡತಿ ಸ್ನಾನ ಮಾಡುವ ಯಂತ್ರ ಎಂತ ಪಾಪ ಮಾಡಿದೆ?"

ಮದುವೆಯಾದ ಮೇಲೆ ಮೊದಲ ಬಾರಿಗೆ ಅತ್ತೆ ನನ್ನ ಪಕ್ಷಕ್ಕೆ ಬಂದಿದ್ದರು! ಇವರು ಸ್ಕೂಟರು ಹತ್ತಿ ಕಟಪಾಡಿಯಿಂದ ಮೆಕ್ಯಾನಿಕ್ ಅಲೋಶಿಯಸ್‌ನನ್ನು ಕೂರಿಸಿಕೊಂಡು ಬಂದರು.

ಅಲೋಶಿಯಸ್ ಗೀಸರ್ ಬಿಚ್ಚಿದ. ಒಳಗೆ ಮಸಿ, ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು. ಟ್ಯೂಬಿಗೆ ಸೋಪಿನ ನೀರು ಹಚ್ಚಿದರೆ ಗುಳುಗುಳು ಗುಳ್ಳೆ. ಎಲ್ಲ ತಿಕ್ಕಿ, ಟ್ಯೂಬು ಬದಲಿಸಿ, ರಟ್ಟು ಕಿತ್ತೆಸೆದ. ಬೆಂಕಿ ಮತ್ತೆ ನೀಲಿಯಾಯಿತು. ನಾನು ಇವರ ಕಡೆ ನೋಡಿದೆ. ಇವರು ಛಾವಣಿ ನೋಡಿದರು.

ಅಲ್ಲಿಗೆ ನಿಲ್ಲಿಸಿದ್ದರೆ ನನ್ನ ವಿಜಯ ಅಖಂಡವಾಗಿರುತ್ತಿತ್ತು. ಆದರೆ ಅಲೋಶಿಯಸ್ ಕಾಫಿ ಕುಡಿಯುತ್ತಾ ಬಾಯಿ ಬಿಟ್ಟ. "ಇದು ಸರಿ ಉರಿಯದಿದ್ರೆ ಬರುವ ವಿಷದ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ ಅಮ್ಮಾ. ಜನ ಹಾಡು ಹೇಳ್ತಾ ಒಳಗೆ ಹೋಗ್ತಾರೆ. ಹಾಡು ನಿಂತಿತು ಅಂದ್ರೆ ಮುಗಿಯಿತು!"

ಅತ್ತೆ ಕಾಫಿ ಲೋಟ ಕೆಳಗಿಟ್ಟರು. "ನಿಮ್ಮಿಬ್ಬರನ್ನು ನಂಬಿ ನಾನು ಕಾರ್ಕಳಕ್ಕೆ ಹೋಗುವ ಹಾಗಿಲ್ಲ" ಎಂದು ಘೋಷಿಸಿದರು.

ಅಂದಿನಿಂದ ಅತ್ತೆಯೇ ನಮ್ಮ ಮನೆಯ ಗ್ಯಾಸ್ ಸುರಕ್ಷಾ ಮಹಾಮಂಡಲಿ. ಬೆಳಿಗ್ಗೆ ಸಂಜೆ ಟ್ಯೂಬಿಗೆ ಸೋಪಿನ ನೀರಿನ ಅಭಿಷೇಕ. (ಸೋಪು ನನ್ನ ಶ್ರೀಗಂಧದ್ದು!) ಕಿಟಿಕಿ ತೆರೆದಿದೆಯೋ ಎಂದು ಪರೀಕ್ಷೆ. ಮೇಲಾಗಿ ನಾನು ಸ್ನಾನಕ್ಕೆ ಹೋದರೆ ಹೊರಗೆ ಮಣೆ ಹಾಕಿ ಕೂತು ಕಾವಲು.

"ರಮಾ, ಎಚ್ಚರ ಉಂಟಾ?"

"ಉಂಟು ಅತ್ತೆ."

ಒಂದು ತಂಬಿಗೆ ನೀರು ಹೊಯ್ಯುವಷ್ಟರಲ್ಲಿ ಮತ್ತೆ, "ರಮಾ?"

"ಉಂಟು, ಉಂಟು!"

ಇದೆಂತ ಸ್ನಾನವಾ, ಶಾಲೆಯ ಹಾಜರಿಯಾ? ಮಗನಿಗೆ ಈ ಹಾಜರಿ ಇರಲಿಲ್ಲ. ಅವರು ಒಳಗಿದ್ದಷ್ಟು ಹೊತ್ತೂ ರಾಗವಾಗಿ ಹಾಡುತ್ತಿದ್ದರು. ನನಗೆ ಹಾಡಲು ಬರುವುದಿಲ್ಲ.

ಒಂದು ಶುಕ್ರವಾರ ತಲೆಗೆ ಸೀಗೆಪುಡಿ ತಿಕ್ಕುತ್ತಿದ್ದೆ. ಕಣ್ಣು ಉರಿ, ಬಾಯೆಲ್ಲ ಕಹಿ. "ರಮಾ, ಎಚ್ಚರ ಉಂಟಾ?" ಎಂದರು. ಕೆಂಡದಂಥ ಸಿಟ್ಟು ಬಂತು. ಉತ್ತರ ಕೊಡುವುದಿಲ್ಲ, ಏನು ಮಾಡುತ್ತಾರೆ ನೋಡಿಯೇಬಿಡೋಣ ಎಂದು ತುಟಿ ಬಿಗಿದು ಕೂತೆ.

"ರಮಾ! ರಮಾ!... ಹಯಗ್ರೀವಾ, ಓಡಿ ಬಾ, ಇವಳ ಸ್ವರ ನಿಂತಿತು!"

ವರ್ಷಗಟ್ಟಲೆ ಕರೆದರೂ ಪೇಪರಿನಿಂದ ತಲೆ ಎತ್ತದ ಮನುಷ್ಯ ಆ ದಿನ ಎಂಥ ವೇಗದಲ್ಲಿ ಬಂದರೋ! "ಬೇಡ, ನಾನಿದ್ದೇನೆ!" ಎಂದು ಬಾಯಿ ತೆರೆದರೆ ಸೀಗೆಯ ನೊರೆ ಗಂಟಲಿಗೆ ಇಳಿದು ಕೆಮ್ಮು ಬಂತು. ಕೆಮ್ಮು ಕೇಳಿ ಅವರ ಗಾಬರಿ ಇಮ್ಮಡಿಯಾಯಿತು. ನಾನು ಸೀರೆ ಎಳೆದು ಸುತ್ತಿಕೊಳ್ಳುವುದಕ್ಕೂ ಬಾಗಿಲು ಚೌಕಟ್ಟು ಬಿಟ್ಟು ಒಳಗೆ ಬೀಳುವುದಕ್ಕೂ ಸರಿಹೋಯಿತು. ಬಾಗಿಲ ಮೇಲೆ ಇವರು, ಇವರ ಹಿಂದೆ ಅತ್ತೆ, ಅತ್ತೆಯ ಹಿಂದೆ ಬೊಬ್ಬೆ ಕೇಳಿ ಓಡಿ ಬಂದ ಎಸ್ತರ್ ಟೀಚರು.

"ಜೀವ ಉಂಟು!" ಎಂದು ಅತ್ತೆ ಕೈಮುಗಿದರು.

"ಜೀವ ಉಂಟು, ಮಾನ ಹೋಯಿತು!" ಎಂದು ನಾನು ಕಿರುಚಿದೆ. "ಇವತ್ತೇ ಬಡಗಿಯನ್ನು ಕರೆಸಿ!"

ಅತ್ತೆ ಮುರಿದ ಬಾಗಿಲನ್ನು ನೋಡಿದರು. ತೆರೆದ ಕಿಟಿಕಿಯನ್ನು ನೋಡಿದರು. ಅಂಗೈ ಎತ್ತಿ ಗಾಳಿ ಹಿಡಿದರು. "ಬಾಗಿಲು ಯಾಕೆ? ಈಗ ಗಾಳಿ ಎಷ್ಟು ಚಂದ ಆಡುತ್ತದೆ ನೋಡು. ಪರದೆ ಸಾಕು."

ನಾನು ಕೊನೆಯ ಆಸೆಯಿಂದ ಇವರ ಮುಖ ನೋಡಿದೆ. ಇವರು ಮೊಣಕೈ ನೀವಿಕೊಳ್ಳುತ್ತಾ ಗಂಭೀರವಾಗಿ ಹೇಳಿದರು: "ಅಮ್ಮ ಹೇಳುವುದು ಸರಿ ರಮಾ. ಗ್ಯಾಸಿನ ವಿಷಯದಲ್ಲಿ ಉದಾಸೀನ ಮಾಡಬಾರದು."

ಪರದೆಗೆಂದು ಹರಿದದ್ದು ನನ್ನದೇ ಸೀರೆ.