ಎರಡು ಬಕೀಟು ನೀರು, ಒಂದು ಗೊಬ್ಬರದ ಗುಂಡಿ

ಹಾಸ್ಟೆಲ್ ಬಿಟ್ಟು ಎರಡು ವರ್ಷ ಆತು, ಆದ್ರ ಹಾಸ್ಟೆಲ್ ನನ್ನ ಬಿಡವಲ್ದು. ಹಿಂಗಾಗಿ ಇಂಥಾವು ಆಗ್ತಾನ ಇರ್ತಾವ. ಕೊಪ್ಪಳದಾಗ ನೀರು ಪರೀಕ್ಷೆ ಮಾಡೋ ಒಂದು ಸಣ್ಣ ಲ್ಯಾಬಿನ್ಯಾಗ ನನಗ ಕೆಲಸ. ಮೊನ್ನೆ ಅಲ್ಲಿ ನಮ್ಮ ಸಾಹೇಬ್ರು ಮಂಡಕ್ಕಿ ಮಿರ್ಚಿ ತಿಂದು, ಅರ್ಧ ಮಿರ್ಚಿ ಪ್ಲೇಟಿನ್ಯಾಗ ಬಿಟ್ಟು ಎದ್ರು. ನಾನು ಸುಮ್ಮನ ಇರಬೇಕಿಲ್ಲೋ? "ಸರ್, ಸಲಿಕಿ ಎಲ್ಲೈತಿ ಗೊತ್ತೈತಲ್ರಿ?" ಅಂದುಬಿಟ್ಟೆ. ಸಾಹೇಬ್ರು ನನ್ನ ಮುಖ ನೋಡಿದ್ರು, ಮಿರ್ಚಿ ನೋಡಿದ್ರು, ಮತ್ತ ಕುಂತು ತಿಂದು ಮುಗಿಸಿದ್ರು. ಯಾಕ ತಿಂದ್ರು ಅಂತ ಅವರಿಗೂ ಗೊತ್ತಿಲ್ಲ.

ಸಲಿಕಿ ಕಥಿ ಹೇಳ್ತೀನಿ ಕೇಳ್ರಿ. ಕೊಪ್ಪಳದ ಹೊರಗಿರೋ ಒಂದು ಕಾಲೇಜಿನ್ಯಾಗ ನಾನು ಪರಿಸರ ವಿಜ್ಞಾನ ಓದಿದೆ. ಆ ವಿಷಯ ತಗೊಂಡ ಹುಡುಗ್ಯಾರು ಇಪ್ಪತ್ತು ಮಂದಿ ಒಂದ ಹಾಸ್ಟೆಲಿನ್ಯಾಗ ಕೂಡಿ ಇರಬೇಕು. ಕ್ಲಾಸಿನ್ಯಾಗ ಓದಿದ್ದನ್ನ ಅಲ್ಲೇ ಮಾಡಿ ತೋರಿಸಬೇಕು. ನೀರೆಲ್ಲಾ ಅಳತಿ ಮ್ಯಾಗ. ಪ್ಲೇಟಿನ್ಯಾಗ ಊಟ ಬಿಟ್ಟವರು ಅದನ್ನ ತಾವ ಹಿತ್ತಲದ ಗುಂಡಿಗೆ ಹಾಕಿ, ಸಲಿಕಿ ಹಿಡದು ಗೊಬ್ಬರ ಹತ್ತು ಸಲ ತಿರುವಬೇಕು. ಯಾರಾದ್ರೂ ಸೈ, ವಿನಾಯಿತಿ ಇಲ್ಲ.

ನಮ್ಮಪ್ಪ ಗಂಗಾವತಿಯೊಳಗ ರೈಸ್ ಮಿಲ್ಲಿನ ಸಾವ್ಕಾರ. ಇದನ್ನೆಲ್ಲಾ ಕೇಳಿ, "ಗುಂಡಿ ತಿರುವಾಕ ಕಾಲೇಜು ಬೇಕೇನು? ದೀಪಾವಳಿ ತನಕ ನೋಡ್ತೀನಿ. ಸರಿ ಅನಸಲಿಲ್ಲಂದ್ರ ಹಾಸಿಗಿ ಸುತಗೊಂಡು ಮನಿಗೆ ಬರಬೇಕು" ಅಂದಿದ್ದ. ನಾನೂ ಹೂಂ ಅಂದಿದ್ದೆ. ಮೊದಲನೇ ವಾರ ನನಗೂ ಮನಿಗೇ ಹೋಗಬೇಕು ಅನಸ್ತಿತ್ತು, ಸುಳ್ಳ್ಯಾಕ ಹೇಳಲಿ.

ಎಮ್ಮಿ ಮತ್ತು ನನ್ನ ತಲಿ

ಹಾಸ್ಟೆಲಿನ್ಯಾಗ ಒಬ್ಬರಿಗೆ ದಿನಕ್ಕ ಎರಡು ಬಕೀಟು ನೀರು. ಜಳಕ, ಅರಬಿ ಒಗಿಯೋದು ಎಲ್ಲಾ ಅದರಾಗ. ನಮ್ಮ ಮನಿ ಹಿಂದ ಕಾಲುವಿ ಹರೀತೈತಿ. ನೀರು ಅಳೀಬೇಕು ಅನ್ನೋದು ನನಗ ಕನಸಿನ್ಯಾಗೂ ಬಂದಿರಲಿಲ್ಲ. ಮೊದಲನೇ ದಿನ ತಲಿಗೆ ಶಾಂಪೂ ಹಚ್ಚಿ ತಿಕ್ಕೋದ್ರಾಗ ಎರಡೂ ಬಕೀಟು ಖಾಲಿ. ಕಣ್ಣಾಗ ನೊರಿ, ಉರಿ. "ನೀರು! ಯಾರಾದ್ರೂ ನೀರು ಕೊಡ್ರೇ!" ಅಂತ ಬಾಯಿ ಬಡಕೊಂಡೆ.

ನನ್ನ ಕೋಣಿಯಾಕಿ ಕುಷ್ಟಗಿ ಕಡೆ ಹಳ್ಳಿ ಹುಡುಗಿ. ಬಾಗಿಲ ಸಂದಿಯೊಳಗಿಂದ ಒಂದು ತಂಬಿಗಿ ನೀರು ಕೊಟ್ಲು. ತನ್ನ ಪಾಲಿನ ನೀರು ಅದು.

"ಒಂದ ತಂಬಿಗಿಯೊಳಗ ಏನ್ ತೊಳಕೊಳ್ಳಲೇ?" ಅಂತ ಅಳುಬುರಕಿ ದನಿ ತಗದೆ.

"ನಮ್ಮೂರಾಗ ಇಷ್ಟರಾಗ ಎಮ್ಮಿ ಮುಸಡಿ ತೊಳದು, ಕುಂಕುಮ ಹಚ್ಚಿ, ಉಳಿದದ್ದು ಮೆಣಸಿನ ಗಿಡಕ್ಕ ಹಾಕ್ತೀವಿ. ನಿನ್ನ ತಲಿ ಎಮ್ಮಿ ತಲಿಗಿಂತ ದೊಡ್ಡದೇನು?" ಅಂದ್ಲು.

ಅವತ್ತು ಸಿಟ್ಟು ಬಂದಿತ್ತು. ಮೂರು ವರ್ಷ ಕಳಿಯೋದ್ರಾಗ ಒಂದೂವರಿ ಬಕೀಟಿನ್ಯಾಗ ಎಲ್ಲಾ ಮುಗಿಸಿ, ಅರ್ಧ ಆಕಿಗೇ ಕೊಡ್ತಿದ್ದೆ. ಈಗ ಆಕಿ ಯಲಬುರ್ಗಾದಾಗ ಸಾಲಿ ಟೀಚರ್. ನನ್ನ ಬಾಡಿಗಿ ಕೋಣಿಯೊಳಗ ಇಪ್ಪತ್ನಾಕು ತಾಸು ನಳ ಬರ್ತೈತಿ. ಆದ್ರೂ ದಿನಾ ಎರಡ ಬಕೀಟು ತುಂಬಸ್ತೀನಿ. ಅರ್ಧ ಉಳಿತೈತಿ, ಕೊಡಾಕ ಯಾರೂ ಇಲ್ಲ. ಒಮ್ಮೆ ಇದನ್ನ ಆಕಿಗೆ ಫೋನಿನ್ಯಾಗ ಹೇಳಿ ಅತ್ತೆ. ಆಕಿ, "ಅತ್ತು ನೀರ್ಯಾಕ ಹಾಳ್ ಮಾಡ್ತಿ?" ಅಂದ್ಲು.

ಕಣ್ಣು ಕಾಣದ ಅಮ್ಮ

ನಮ್ಮ ಮೇಡಮ್ಮರು ಪಾಠಾನೂ ಮಾಡ್ತಿದ್ರು, ಹಾಸ್ಟೆಲ್ಲೂ ನೋಡ್ಕೊಳ್ತಿದ್ರು. ಅವರು ನನ್ನ, ಕುಷ್ಟಗಿಯಾಕಿನ್ನ ಇಬ್ಬರನ್ನೂ ಅಳವಂಡಿ ಕಡೆ ಒಂದು ಕಡ್ಲಿ ಹೊಲಕ್ಕ ಕಳಿಸಿದ್ರು. ಹೊಲದಾಗ ತಾವ ಬೆಳಿಯೋ ಗಿಡಗಳ ಹೆಸರು, ಉಪಯೋಗ ಕೇಳಿ ಬರಕೊಂಡು ಬರಬೇಕು. ಬದುವಿನ ಮ್ಯಾಗ ಒಬ್ಬ ಮುದುಕಿ ಕುಂತಿದ್ಲು.

"ಅಮ್ಮಾ, ಇದಕ್ಕೇನಂತಾರ್ರಿ?"

"ಕಣ್ಣು ಕಾಣಂಗಿಲ್ಲವಾ ತಂಗಿ. ಕಿತಗೊಂಡು ಬಂದು ಕೈಯಾಗ ಕೊಡು, ಮೂಸಿ ನೋಡಿ ಹೇಳ್ತೀನಿ."

ಕಿತ್ತು ಕೊಟ್ಟೆ. "ಉತ್ತರಾಣಿ" ಅಂದ್ಲು. ಇನ್ನೊಂದು ಕೊಟ್ಟೆ, "ತುಂಬಿ." ಮತ್ತೊಂದು, "ನೆಗ್ಗಿಲ." ಹಂಗ ಒಂದೊಂದ ಸಾಲು ದಾಟಿ ಮುಂದ ಹೋದ್ವಿ. ಕೆಲವೊಂದು ನಾಕು ನಾಕು ಸಲ ಕೇಳ್ತಿದ್ಲು. "ಅದರ ಜಾತಿದು ಇನ್ನೊಂದೀಟು ತಾ, ಗ್ಯಾರಂಟಿ ಆಗ್ಲಿ." ಹೊತ್ತು ಇಳಿಯೋತನಕ ನಾವು ಕಿತ್ತಿದ್ದ ಕಿತ್ತಿದ್ದು. ಕೈ ಬೊಬ್ಬಿ, ನೋಟ್‌ಬುಕ್ ಭರ್ತಿ. ನಮಗ ಭಾಳ ಖುಷಿ.

ಹೊರಡೋ ಮುಂದ ಮುದುಕಿ ಸೆರಗಿನ ಗಂಟಿನಿಂದ ಸೂಜಿ ತಗದು, ಒಂದ ಸಲಕ್ಕ ದಾರ ಪೋಣಿಸಿ, ಹರದಿದ್ದ ನನ್ನ ಚೀಲ ಹೊಲದು ಕೊಟ್ಲು. ನಾವು ತಿರುಗಿ ನೋಡಿದ್ವಿ. ಕಡ್ಲಿ ಹೊಲದಾಗ ಒಂದ ಒಂದು ಕಸದ ಗಿಡ ಇರಲಿಲ್ಲ.

"ನಾಳಿ ಬರ್ರೆವಾ," ಅಂದ್ಲು. "ಹಳ್ಳದ ಕಡೆ ನಂದ ಇನ್ನೊಂದು ಹೊಲ ಐತಿ. ಅಲ್ಲಿ ಬ್ಯಾರೆ ಜಾತಿವು ಬೆಳದಾವ."

ಅಪ್ಪನ ಜಳಕ

ದೀಪಾವಳಿಗೆ ಮನಿಗೆ ಹೋದೆ. ಅಷ್ಟರಾಗ ನನಗ ಹಾಸ್ಟೆಲ್ ಅಂದ್ರ ಜೀವ ಆಗಿತ್ತು. ಅಪ್ಪ ಹಾಕಿದ್ದ ಗಡುವು ಮುಗಿಯೋ ಹೊತ್ತು, ಬಾಯಿ ಮುಚಗೊಂಡು ಇರಬೇಕಂತ ಗಟ್ಟಿ ಮನಸು ಮಾಡೇ ಹೋಗಿದ್ದೆ.

ಹಬ್ಬದ ದಿನ ಮಿಲ್ಲಿನ ವ್ಯಾಪಾರಸ್ಥರೆಲ್ಲಾ ಪಡಸಾಲಿಯೊಳಗ ಬಂದು ಕುಂತಿದ್ರು. ಅಪ್ಪ ಎಣ್ಣಿ ಹಚಗೊಂಡು ಜಳಕಕ್ಕ ಹೋಗಿದ್ದ. ನೀರು ದಬದಬ ಬೀಳಾಕತ್ತಿತ್ತು. ನಾನು ಹೊರಗ ಕುಂತು ಅಂದಾಜಿಲೆ ಎಣಸಾಕತ್ತೆ. ಒಂದು ಬಕೀಟು... ಎರಡು... ಮೂರು... ಕೈ ತಾನ ಹೋಗಿ ಹೊರಗಿದ್ದ ನೀರಿನ ವಾಲ್ವ್ ಬಂದ್ ಮಾಡ್ತು ನೋಡ್ರಿ!

"ಯಾರಲೇ ಅದು!" ಅಂತ ಒಳಗಿಂದ ಗುಡುಗಿದ.

"ಅಪ್ಪಾ, ನಿನ್ನ ಪಾಲಿಂದು ಮುಗದೈತಿ."

ಮೈ ತುಂಬ ಸಾಬೂನು, ಸೊಂಟಕ್ಕ ಟವೆಲ್ಲು, ಅಪ್ಪ ಪಡಸಾಲಿಗೇ ಬಂದು ನಿಂತ. ವ್ಯಾಪಾರಸ್ಥರು ಎದ್ದು ನಮಸ್ಕಾರ ಮಾಡಿದ್ರು. ಅಪ್ಪ ಕೈ ಎತ್ತಿ ತಿರುಗಿ ನಮಸ್ಕಾರ ಮಾಡೋ ಹಂಗಿಲ್ಲ, ಟವೆಲ್ ಬಿಡಬೇಕಾಗ್ತಿತ್ತು.

"ಮಂದಿ ಮುಂದ ನನ್ನ ಹೆಸರು ಕೆಡಸಿದಿ," ಅಂದ. "ಐತವಾರ ಬರ್ತೀನಿ. ಹಾಸಿಗಿ ಸುತ್ತಿ ಇಟಗೊಂಡಿರು."

ಸಲಿಕಿ

ಐತವಾರ ಅಪ್ಪ ಬಂದ. ಇಸ್ತ್ರಿ ಬಿಳಿ ಅಂಗಿ, ಬಿಳಿ ಧೋತರ. ಅತ್ತೂ ಅತ್ತೂ ನನ್ನ ಮುಖ ಬಾತಿತ್ತು, ಹಾಸಿಗಿ ಸುತ್ತಿ ಬಾಗಲಾಗ ಇಟ್ಟಿದ್ದೆ. ಕುಷ್ಟಗಿಯಾಕಿ ಅದನ್ನ ಮೂರು ಸಲ ಬಿಚ್ಚಿ ಹಾಸಿದ್ದಳು.

"ಬಂದವರು ಉಂಡು ಹೋಗಬೇಕ್ರಿ" ಅಂತ ಅಡಿಗಿ ಅಕ್ಕ ಬಡಿಸಿದ್ಲು. ಖಡಕ್ ರೊಟ್ಟಿ, ಎಣಗಾಯಿ, ಅನ್ನ, ಸಾರು. ನಮ್ಮಪ್ಪಂದು ಮೊದಲಿಂದ ಒಂದು ರೂಢಿ. ಎಲ್ಲಾ ಬಳದು ಉಂಡ್ರ ಮಂದಿ ಇಂವ ಹಸದು ಬಂದಾನ ಅಂತಾರಂತ, ಹಿಂಗಾಗಿ ಎಲ್ಲಿಗೆ ಹೋದ್ರೂ ಒಂದೀಟು ಅನ್ನ ಬಿಟ್ಟ ಏಳಬೇಕು. ಅವತ್ತೂ ಬಿಟ್ಟು ಎದ್ದ. ಅಡಿಗಿ ಅಕ್ಕ ಸಲಿಕಿ ತಂದು ಮುಂದ ಹಿಡದ್ಲು.

"ಹಿತ್ತಲದಾಗೈತ್ರಿ ಸಾವ್ಕಾರ್ರ, ಗುಂಡಿ. ಹತ್ತು ಸಲ."

"ನಾ ಯಾರಂತ ಗೊತ್ತೈತೇನವಾ?"

"ಅದು ಗೊತ್ತಿಲ್ರಿ. ಪ್ಲೇಟು ಯಾರದಂತ ಗೊತ್ತೈತ್ರಿ."

ಮುಗೀತು ಇಲ್ಲಿಗೆ ಅನಕೊಂಡೆ. ಹುಡುಗ್ಯಾರೆಲ್ಲಾ ಹಿತ್ತಲದ ಬಾಗಲಾಗ ಬಂದು ನಿಂತ್ರು. ಅಪ್ಪ ಹಲ್ಲು ಕಡಕೊಂಡು ಧೋತರ ಎತ್ತಿ ಕಟ್ಟಿ ಗುಂಡಿಗೆ ಹೋದ. ಒಂದು ಸಲ ತಿರುವಿದ. ಎರಡು ಸಲ. ಮೂರನೇದಕ್ಕ ಸಲಿಕಿ ನಿಂದ್ರಿಸಿ, ಬಗ್ಗಿ, ಗೊಬ್ಬರ ಮುಷ್ಟಿಯೊಳಗ ತಗೊಂಡು ಹಿಂಡಿ ಮೂಸಿ ನೋಡಿದ.

"ಯಾರು ಮಾಡಿದ್ದು ಇದನ್ನ?" ಅಂದ.

"ನಾವ ರೀ..." ಅಂದ್ರು ಮೇಡಮ್ಮರು.

"ಹಸಿ ಭಾಳ ಆಗೇತ್ರಿ, ಅದಕ್ಕ ನಾರಾಕತ್ತೈತಿ. ಇದರಾಗ ಭತ್ತದ ಹೊಟ್ಟು ಬೀಳಬೇಕು. ಗಾಳಿ ಆಡಬೇಕು. ಏ ತಂಗಿ, ಆ ಒಣಗಿದ ಎಲಿ ತೊಗೊಂಬಾ. ನೀನು ಆ ಕಡೆ ನಿಂದ್ರು."

ಎರಡು ತಾಸು! ಹತ್ತು ಸಲ ಎಲ್ಲಿ, ಇಡೀ ಗುಂಡಿ ಬುಡಮೇಲು ಮಾಡಿ ತುಂಬಿಸಿದ. ಮೇಡಮ್ಮರು ನೋಟ್ಸ್ ಬರಕೊಂಡ್ರು. ಅಪ್ಪ ಮಿಲ್ಲಿಗೆ ಫೋನ್ ಮಾಡಿ ಒಂದು ಟ್ರ್ಯಾಕ್ಟರ್ ಹೊಟ್ಟು ಕಳಸಾಕ ಹೇಳಿ, ಕೈ ತೊಳಕೊಂಡು, ಕಾರು ಹತ್ತಿ ಹೋಗೇಬಿಟ್ಟ. ನಾನು ಹಾಸಿಗಿ ಹಂತ್ಯಾಕ ನಿಂತ ನಿಂತಿದ್ದೆ. ತಾಸು ಬಿಟ್ಟು ಫೋನ್ ಬಂತು.

"ಏ, ನಿಮ್ಮವ್ವ ಬಾಗಲಾಗ ನಿಂತು 'ಮಗಳೆಲ್ರಿ?' ಅಂತ ಕೇಳಾಕತ್ತಾಳ. ನಿನ್ನ ಅಲ್ಲೇ ಮರತು ಬಂದೀನಿ." ಮತ್ತ ತಾನ ಅಂದ, "ಇರ್ಲಿ ಬಿಡು, ಅಲ್ಲೇ ಇರು. ಹೊಟ್ಟು ಇಳಿಸಿಕೊಳ್ಳಾಕ ನಮ್ಮವರಂತ ಒಬ್ಬರು ಬೇಕಲ್ಲ."

ಚೀಟಿ

ಹಂಗ ನಾನು ಮೂರು ವರ್ಷ ಅಲ್ಲಿ ಉಳದೆ. ಈಗ ಆ ಹಾಸ್ಟೆಲ್ ನನ್ನ ಕೋಣಿಯಿಂದ ಬಸ್ಸಿನ್ಯಾಗ ಹದಿನೈದು ನಿಮಿಷದ ಹಾದಿ. ಒಮ್ಮೆ ತಡಕೊಳ್ಳಾಕ ಆಗದ ಗೇಟಿನ ತನಕ ಹೋದೆ. ಒಳಗ ಹಿತ್ತಲದಿಂದ ಹುಡುಗ್ಯಾರ ನಗಿ ಕೇಳಸ್ತಿತ್ತು. ಹೊಸ ವಾಚ್‌ಮನ್ ನನ್ನ ಕೆಳಗಿಂದ ಮ್ಯಾಗ ನೋಡಿ, "ಯಾವ ಹುಡುಗಿ ಪಾಲಕರ್ರಿ ನೀವು?" ಅಂದ. ಇಪ್ಪತ್ಮೂರು ವರ್ಷದ ನನಗ! "ಯಾರ ಪಾಲಕರೂ ಅಲ್ರಿ" ಅಂದು ತಿರುಗಿ ಬಂದೆ. ಬಸ್ಸಿನ್ಯಾಗ ಕಣ್ಣೀರು ಬಂತು, ಹಾಳ್ ಮಾಡಬಾರದಂತ ತಡಕೊಂಡೆ.

ಅಪ್ಪ ಮಾತ್ರ ತಿಂಗಳಿಗೊಮ್ಮೆ ಇವತ್ತಿಗೂ ಹೊಟ್ಟು ತಗೊಂಡು ಅಲ್ಲಿಗೆ ಹೋಗ್ತಾನ. ಅವನಿಗೆ ವಾಚ್‌ಮನ್ ಸಲಾಂ ಹೊಡಿತಾನಂತ. ನಿನ್ನೆ ಫೋನ್ ಮಾಡಿದ್ದ.

"ಹಾಸ್ಟೆಲಿನ್ಯಾಗ ಹಳೇ ಮಂದೀನ ಊಟಕ್ಕ ಕರದಾರ. ನನಗ ಚೀಟಿ ಬಂದೈತಿ. ನಿನಗ?"

"ನನಗ ಬಂದಿಲ್ಲಪ್ಪಾ. ನನ್ನ ಹೊಸ ವಿಳಾಸ ಅವರ ಹಂತ್ಯಾಕ ಇಲ್ಲ."

ಆ ಕಡೆ ಚೀಟಿ ಬಿಚ್ಚಿದ ಸಪ್ಪಳ ಕೇಳಿಸ್ತು.

"ಜೋಡಿ ಒಬ್ಬರನ್ನ ಕರಕೊಂಡು ಬರ್ರಿ ಅಂತ ಇದರಾಗ ಬರದಾರ. ಬರ್ತೀಯೇನು?"

"ಬರ್ತೀನಪ್ಪಾ" ಅಂದೆ, ಅಷ್ಟ.

"ಬಾ ಹಂಗಾರ," ಅಂದ. "ಆದ್ರ ಪ್ಲೇಟಿನ್ಯಾಗ ಒಂದ ಅಗಳೂ ಬಿಡಬ್ಯಾಡ ಮತ್ತ. ಅಲ್ಲಿ ಮಂದಿ ಮುಂದ ನನ್ನ ಹೆಸರು ಕೆಡಬಾರದು."